ಸಂಜೆ ನಾಲ್ಕರ ನಂತರದ ಶಾಲೆ



ಇಂಗ್ಲೆಂಡಿನ ಶಾಲೆ ಎಂದೊಡನೆ ನಮಗೆ ನೆನಪಾಗುವುದು ಈಟನ್, ಹ್ಯಾರೊ. ನೆಹರೂ ಓದಿದ್ದು ಹ್ಯಾರೊದಲ್ಲಿ ಎಂಬುದನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವರು ಈ ಸಭೆಯಲ್ಲೂ ಇದ್ದೀರಿ. ಆದರೆ ಆ ದೇಶದಲ್ಲಿ ಫೀಸು ಕೊಟ್ಟು ಖಾಸಗಿ ಶಾಲೆಯಲ್ಲಿ ಓದುವವರು ನೂರಕ್ಕೆ ಸುಮಾರು ಏಳು ಮಕ್ಕಳು. ಮಿಕ್ಕವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೋಗುವುದು ಕಾಸೂ ಫೀಸಿಲ್ಲದ ಸರ್ಕಾರಿ ಶಾಲೆಗೆ. ಅವುಗಳಲ್ಲೂ ಒಂದು ಬಗೆಯ ಶಾಲೆಯ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇನೆ: ಸುತ್ತಲ ಹತ್ತು ಹನ್ನೆರಡು ಹಳ್ಳಿಗಳ ಮಕ್ಕಳನ್ನು ಬಸ್ಸಿನಲ್ಲಿ ತಂದು, ಹೊಲಗಳ ನಡುವೆ, ಒಂದೇ ಆವರಣದಲ್ಲಿ ಸಾವಿರ, ಎರಡು ಸಾವಿರ ಮಕ್ಕಳನ್ನು ಓದಿಸುವ ದೊಡ್ಡ ಹೈಸ್ಕೂಲು.

ಹಳ್ಳಿ ಮೇಷ್ಟ್ರೊಬ್ಬರ ಹೆಸರಿನ ದತ್ತಿಗೆ ಇದೆಂಥ ವಿಷಯ ಎಂದು ಸಂಘಟಕರು ಮೊದಲು ತಡವರಿಸಿದರು. ಉಪನ್ಯಾಸ ಮುಗಿಯುವ ಹೊತ್ತಿಗೆ ಅವರ ಸಂಶಯ ಹೋಗಬಹುದು. ಹೋಗದಿದ್ದರೆ ಕಾಫಿಯ ವೇಳೆಗೆ ಜಗಳವಾಡೋಣ.

ಕೇಂಬ್ರಿಡ್ಜ್ ನಗರದ ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರು ಹೋದರೆ ಕೊಂಬರ್ಟನ್ ಎಂಬ ಹಳ್ಳಿ. ಜನಸಂಖ್ಯೆ ಎರಡೂಕಾಲು, ಎರಡೂವರೆ ಸಾವಿರದ ಆಸುಪಾಸು. ಆ ಊರಿನ ಅಂಚಿನಲ್ಲಿರುವ ಸರ್ಕಾರಿ ಪ್ರೌಢಶಾಲೆ ಕೊಂಬರ್ಟನ್ ವಿಲೇಜ್ ಕಾಲೇಜು. ಅದರಲ್ಲಿ ಸಾವಿರದ ಐನೂರಕ್ಕಿಂತ ಹೆಚ್ಚು ಮಕ್ಕಳು. ಹಾರ್ಡ್‌ವಿಕ್, ಬಾರ್ಟನ್, ಬೋರ್ನ್, ಕಾಲ್ಡೆಕೋಟ್, ಹೇಸ್ಲಿಂಗ್‌ಫೀಲ್ಡ್ ಎಂದು ಸುತ್ತಲ ಹಳ್ಳಿಗಳಲ್ಲಿ ಹನ್ನೊಂದು ವರ್ಷದವರೆಗೆ ಚಿಕ್ಕ ಪ್ರಾಥಮಿಕ ಶಾಲೆಯಲ್ಲಿ ಓದಿದವರು ಆಮೇಲೆ ಬರುವುದು ಇಲ್ಲಿಗೆ. ಬೆಳಗ್ಗೆ ಎಂಟರ ಸುಮಾರಿಗೆ ಸುತ್ತಲ ದಾರಿಗಳಲ್ಲೆಲ್ಲ ಬಸ್ಸು, ಕಾರು, ಸೈಕಲ್ಲು. ಅರ್ಧ ಗಂಟೆಯೊಳಗೆ ಊರಿನ ಜನಸಂಖ್ಯೆಗೆ ಮತ್ತೊಂದು ಊರೇ ಬಂದು ಸೇರಿಕೊಳ್ಳುತ್ತದೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಅದು ಖಾಲಿಯಾಗುತ್ತದೆ.

ಈ ಬಸ್ಸಿನ ಹಿಂದೆ ಒಂದು ಕಾನೂನಿದೆ. 1944ರ ಶಿಕ್ಷಣ ಕಾಯಿದೆ ಮಗು ನಡೆಯಬಹುದಾದ ದೂರ ಇಷ್ಟೇ ಎಂದು ಗೆರೆ ಎಳೆಯಿತು: ಎಂಟು ವರ್ಷದೊಳಗಿನವರಿಗೆ ಎರಡು ಮೈಲಿ, ಮೇಲ್ಪಟ್ಟವರಿಗೆ ಮೂರು ಮೈಲಿ, ಎಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರು. ಹತ್ತಿರದ ತಕ್ಕ ಶಾಲೆ ಅದಕ್ಕಿಂತ ದೂರವಿದ್ದರೆ, ಅಥವಾ ದಾರಿ ನಡೆಯುವಂತಿಲ್ಲದಿದ್ದರೆ, ಮಗುವನ್ನು ಪುಕ್ಕಟೆ ಕರೆದೊಯ್ಯುವ ಹೊಣೆ ಸ್ಥಳೀಯ ಆಡಳಿತದ್ದು. ಕಾಯಿದೆಗಳ ಹೆಸರು ಬದಲಾದರೂ ಈ ಎರಡು, ಮೂರು ಮೈಲಿಯ ಲೆಕ್ಕ ಇವತ್ತಿಗೂ ಹಾಗೇ ಇದೆ. ಗ್ರಾಮೀಣ ಇಂಗ್ಲೆಂಡಿನ ದೊಡ್ಡ ಶಾಲೆ ನಿಂತಿರುವುದು ಈ ಲೆಕ್ಕದ ಮೇಲೆ. ಬಸ್ಸು ಇಲ್ಲದೆ ಶಾಲೆ ಇಲ್ಲ.

ಹಾಗೆಂದು ಕಾನೂನು ಎಲ್ಲೆಡೆ ಉದಾರವಾಗಿದೆ ಎಂದುಕೊಳ್ಳಬೇಡಿ. 2008ರ ಒಂದು ಕಾಯಿದೆಯ ಪ್ರಕಾರ ಇಂಗ್ಲೆಂಡಿನ ಯುವಕ ಯುವತಿಯರು ಹದಿನಾರಕ್ಕೆ ಓದು ಬಿಟ್ಟು ಸುಮ್ಮನೆ ಇರುವಂತಿಲ್ಲ. 2013ರಿಂದ ಹದಿನೇಳರವರೆಗೆ, 2015ರಿಂದ ಹದಿನೆಂಟರವರೆಗೆ ಯಾವುದಾದರೂ ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು. ಆದರೆ ಪುಕ್ಕಟೆ ಬಸ್ಸಿನ ಹಕ್ಕು ಹದಿನಾರಕ್ಕೇ ನಿಂತುಹೋಗುತ್ತದೆ. ಓದಲೇಬೇಕು ಎನ್ನುವುದು ದಿಲ್ಲಿಯ ಮಾತು, ಬಸ್ಸು ಕೊಡುವುದಿಲ್ಲ ಎನ್ನುವುದು ಜಿಲ್ಲೆಯ ಮಾತು; ನಮ್ಮಲ್ಲೂ ಕೇಳಿದ ರಾಗವೇ ಇದು. ಅಲ್ಲಿ ಲಂಡನ್ನು ಮತ್ತು ಕೌಂಟಿ, ಅಷ್ಟೇ ವ್ಯತ್ಯಾಸ. ಹಳ್ಳಿಯ ಹದಿನೇಳರ ಹುಡುಗಿ ನಗರದ ಕಾಲೇಜಿಗೆ ಹೋಗಬೇಕಾದರೆ ಎಷ್ಟೋ ಕಡೆ ವರ್ಷಕ್ಕೆ ನೂರಾರು ಪೌಂಡು ಬಸ್ ಚಾರ್ಜು ಕೈಯಿಂದ ಹೋಗುತ್ತದೆ.

ಈ ದೊಡ್ಡ ಶಾಲೆ ಹುಟ್ಟಿದ್ದು ಹೇಗೆ ಎನ್ನಲು ನೂರು ವರ್ಷ ಹಿಂದೆ ಹೋಗಬೇಕು. ಆಗಿನ ಇಂಗ್ಲೆಂಡಿನ ಹಳ್ಳಿ ಶಾಲೆ ಎಂದರೆ ಒಂದೆರಡು ಕೋಣೆ, ಒಬ್ಬಿಬ್ಬರು ಉಪಾಧ್ಯಾಯರು, ಐದರಿಂದ ಹದಿನಾಲ್ಕರವರೆಗಿನ ಎಲ್ಲ ಮಕ್ಕಳೂ ಅಲ್ಲೇ. ಇದನ್ನು ನಾವು ಬಹುವರ್ಗ ಬೋಧನೆ ಎಂದು ಗೌರವದ ಹೆಸರಿಟ್ಟು ಕರೆಯುತ್ತೇವೆ. ಶಾಲೆಗಳಲ್ಲಿ ಬಹುಪಾಲು ಇಂಗ್ಲೆಂಡಿನ ಚರ್ಚಿಗೆ ಸೇರಿದವು. ಆಡಳಿತ ಸಮಿತಿಯಲ್ಲಿ ಪಾದ್ರಿ, ಜಮೀನ್ದಾರ, ದೊಡ್ಡ ರೈತ. ಕೊಯ್ಲಿನ ಕಾಲಕ್ಕೆ ಮಕ್ಕಳು ಹೊಲದಲ್ಲಿ. 1918ರ ಫಿಶರ್ ಕಾಯಿದೆ ಶಾಲೆ ಬಿಡುವ ವಯಸ್ಸನ್ನು ಹದಿನಾಲ್ಕಕ್ಕೆ ಬಿಗಿ ಮಾಡುವವರೆಗೆ ಅದಕ್ಕೂ ಮುಂಚೆ ಬಿಡಿಸಿಕೊಳ್ಳಲು ಸಾಕಷ್ಟು ಕಿಂಡಿಗಳಿದ್ದವು.

ಆ ಹಳ್ಳಿಯ ಅಧಿಕಾರ ಎಂಥದ್ದು ಎನ್ನುವುದಕ್ಕೆ ನಾರ್ಫಕ್ ಕೌಂಟಿಯ ಬರ್ಸ್ಟನ್ ಎಂಬ ಊರಿನ ಕಥೆ ಸಾಕು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಆನಿ ಹಿಗ್ಡನ್, ಸಹಾಯಕ ಉಪಾಧ್ಯಾಯ ಅವರ ಗಂಡ ಟಾಮ್ ಹಿಗ್ಡನ್. ಆತ ಕೃಷಿ ಕೂಲಿಗಳ ಸಂಘ ಕಟ್ಟಿದವನು. 1913ರ ಗ್ರಾಮ ಪರಿಷತ್ತಿನ ಚುನಾವಣೆಯಲ್ಲಿ ಆತ ಗೆದ್ದ, ಊರಿನ ಪಾದ್ರಿ ಸೋತ. ಶಾಲಾ ಸಮಿತಿಯ ಅಧ್ಯಕ್ಷತೆ ಮಾತ್ರ ಪಾದ್ರಿಯ ಕೈಯಲ್ಲೇ ಇತ್ತು. ದಂಪತಿಯನ್ನು ಕೆಲಸದಿಂದ ತೆಗೆದರು. 1914ರ ಏಪ್ರಿಲ್ 1ರಂದು ಅರವತ್ತಕ್ಕೂ ಹೆಚ್ಚು ಮಕ್ಕಳು ಶಾಲೆ ಬಿಟ್ಟು ಬೀದಿಯಲ್ಲಿ ಮೆರವಣಿಗೆ ಹೊರಟರು. ತಂದೆತಾಯಂದಿರು ಮಕ್ಕಳನ್ನು ಮತ್ತೆ ಆ ಶಾಲೆಗೆ ಕಳಿಸಲಿಲ್ಲ. ಕಾರ್ಮಿಕ ಸಂಘಗಳ ಚಂದಾ ಹಣದಲ್ಲಿ ಊರಿನ ಬಯಲಿನ ಪಕ್ಕ ಬೇರೆಯೇ ಶಾಲೆ ಎದ್ದಿತು. 1939ರವರೆಗೆ, ಇಪ್ಪತ್ತೈದು ವರ್ಷ, ಆ ಮುಷ್ಕರದ ಶಾಲೆ ನಡೆಯಿತು. ಪುಟ್ಟ ಶಾಲೆ ಎಂದರೆ ತಂಪು ನೆರಳು, ಅಕ್ಕರೆ ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಪುಟ್ಟ ಶಾಲೆಗೆ ಒಬ್ಬ ಧಣಿ ಸಾಕು.

ಈ ಕಾಲದಲ್ಲಿ ಕೇಂಬ್ರಿಡ್ಜ್‌ಷೈರ್ ಕೌಂಟಿಗೆ ಒಬ್ಬ ಅಧಿಕಾರಿ ಬಂದರು. ಹೆಸರು ಹೆನ್ರಿ ಮಾರಿಸ್. ಹುಟ್ಟಿದ್ದು 1889ರಲ್ಲಿ, ಲ್ಯಾಂಕಷೈರಿನ ಸೌತ್‌ಪೋರ್ಟಿನಲ್ಲಿ. ತಂದೆ ಪ್ಲಂಬರ್ ಕೆಲಸದವರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಊರಿನ ಪತ್ರಿಕೆಯ ಕಚೇರಿಯಲ್ಲಿ ಹುಡುಗನಾಗಿ ದುಡಿದರು. ಆಮೇಲೆ ವೇಲ್ಸಿನ ಲ್ಯಾಂಪೀಟರಿನಲ್ಲಿ, ಆಕ್ಸ್‌ಫರ್ಡಿನಲ್ಲಿ ಓದು, ಮೊದಲ ಮಹಾಯುದ್ಧದಲ್ಲಿ ಸೈನ್ಯದ ಕೆಲಸ, ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ. 1922ರಲ್ಲಿ ಕೌಂಟಿಯ ಶಿಕ್ಷಣ ಕಾರ್ಯದರ್ಶಿಯಾದರು, ನಮ್ಮ ಡಿಡಿಪಿಐ ಹುದ್ದೆಗೆ ಸಮೀಪದ್ದು ಎಂದುಕೊಳ್ಳಿ. 1954ರಲ್ಲಿ ನಿವೃತ್ತರಾಗುವವರೆಗೆ ಅದೇ ಕುರ್ಚಿಯಲ್ಲಿದ್ದರು. ಮೂವತ್ತೆರಡು ವರ್ಷ ಒಂದೇ ಜಾಗದಲ್ಲಿ! ನಮ್ಮ ವರ್ಗಾವಣೆಯ ಸಂಸ್ಕೃತಿಯಲ್ಲಿ ಬೆಳೆದವರಿಗೆ ಇದೇ ಮೊದಲ ಆಶ್ಚರ್ಯ. ಮದುವೆಯಾಗಲಿಲ್ಲ. ಸಂಗೀತ, ಚಿತ್ರ, ಒಳ್ಳೆಯ ಕಟ್ಟಡದ ಹುಚ್ಚು. ಕುರೂಪವನ್ನು ಸಹಿಸುತ್ತಿರಲಿಲ್ಲ, ಕೆಲವೊಮ್ಮೆ ಮನುಷ್ಯರನ್ನೂ.

1924ರಲ್ಲಿ ಮಾರಿಸ್ ಒಂದು ಜ್ಞಾಪನಪತ್ರ ಬರೆದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಸರ್ಕಾರಿ ಟಿಪ್ಪಣಿ ನೋಡಲೂ ಚೆನ್ನಾಗಿರಬೇಕೆಂದು ಹಟ ಹಿಡಿದ ಅಧಿಕಾರಿ ಬೇರೆ ಯಾರಾದರೂ ಇದ್ದರೋ ತಿಳಿಯದು. ಅದರಲ್ಲಿದ್ದ ಯೋಚನೆ ಇಷ್ಟು. ಹಳ್ಳಿಗಾಡು ಖಾಲಿಯಾಗುತ್ತಿದೆ. ಬುದ್ಧಿವಂತ ಮಕ್ಕಳನ್ನು ಆರಿಸಿ ನಗರದ ಗ್ರಾಮರ್ ಶಾಲೆಗೆ ಕಳಿಸುವ ಪದ್ಧತಿ ಹಳ್ಳಿಯ ಕೆನೆ ತೆಗೆದು ಪಟ್ಟಣಕ್ಕೆ ಬಡಿಸುತ್ತಿದೆ. ಉಳಿದವರಿಗೆ ಬಡ ಶಾಲೆ, ಬಡ ಗ್ರಂಥಾಲಯ, ಬಡ ಸಭಾಭವನ. ಒಂದೊಂದೂ ಬೇರೆ ಬೇರೆ ಕಡೆ ಬೇರೆ ಬೇರೆ ಇಲಾಖೆಯ ಕೆಳಗೆ ಉಸಿರಾಡುತ್ತಿದೆ. ಇವನ್ನೆಲ್ಲ ಒಂದು ದೊಡ್ಡ ಹಳ್ಳಿಯಲ್ಲಿ ಒಂದೇ ಚಾವಣಿಯ ಕೆಳಗೆ ತನ್ನಿ. ಹಗಲು ಸುತ್ತಲ ಹಳ್ಳಿಗಳ ಹನ್ನೊಂದು ದಾಟಿದ ಮಕ್ಕಳಿಗೆ ಶಾಲೆ. ಸಂಜೆ ಅದೇ ಕಟ್ಟಡ ಅವರ ಅಪ್ಪ, ಅಮ್ಮ, ಅಜ್ಜಂದಿರಿಗೆ. ಗ್ರಂಥಾಲಯ, ನಾಟಕ ಆಡಲು ಸಭಾಂಗಣ, ಕೃಷಿಯ ಪಾಠ, ಕಾರ್ಯಾಗಾರ, ಬಾಣಂತಿಯರು ಮಗುವನ್ನು ತೋರಿಸಿಕೊಂಡು ಹೋಗುವ ಆರೋಗ್ಯ ಕೇಂದ್ರ, ಆಟದ ಬಯಲು, ಎಲ್ಲವೂ ಅಲ್ಲಿ. ಹುಟ್ಟಿದಾಗಿನಿಂದ ಮುಪ್ಪಿನವರೆಗೆ ಜನ ಆ ಬಾಗಿಲು ದಾಟುತ್ತಲೇ ಇರಬೇಕು, ಶಾಲೆ ಬಿಡುವ ವಯಸ್ಸು ಎಂಬುದಕ್ಕೇ ಅರ್ಥ ಉಳಿಯಬಾರದು ಎಂಬುದು ಮಾರಿಸ್ ಆಸೆ. ಇದಕ್ಕೆ ಅವರಿಟ್ಟ ಹೆಸರು ವಿಲೇಜ್ ಕಾಲೇಜು.

ಇಲ್ಲಿ ಒಂದು ಚೌಕಾಶಿ ಇದೆ, ಅದನ್ನು ಗಮನಿಸಬೇಕು. ಹನ್ನೊಂದಾದ ಮಕ್ಕಳನ್ನು ತನ್ನ ಶಾಲೆಯಿಂದ ಬಿಟ್ಟುಕೊಡಲು ಯಾವ ಹಳ್ಳಿಗೂ ಸಲೀಸಾಗಿ ಮನಸ್ಸು ಬರುವುದಿಲ್ಲ. ಚರ್ಚಿಗೂ ಇಷ್ಟವಿರಲಿಲ್ಲ, ದೊಡ್ಡ ಮಕ್ಕಳು ಹೋದರೆ ಶಾಲೆ ಬಡವಾಗುತ್ತದೆ, ಪಾದ್ರಿಯ ಹಿಡಿತವೂ ಸಡಿಲವಾಗುತ್ತದೆ. ಧರ್ಮಬೋಧನೆಯ ವಿಷಯದಲ್ಲಿ ಎಲ್ಲ ಪಂಗಡಗಳೂ ಒಪ್ಪುವ ಒಂದು ಪಠ್ಯಕ್ರಮವನ್ನು ಮಾರಿಸ್ ಅದೇ 1924ರಲ್ಲಿ ಹೊರತಂದರು. ಬೇರೆ ಕೌಂಟಿಗಳೂ ಅದನ್ನು ಎತ್ತಿಕೊಂಡವು. ಹಳ್ಳಿಗರಿಗೆ ಹೇಳಿದ್ದು ಇನ್ನೊಂದು ಮಾತು: ನಿಮ್ಮ ಮಕ್ಕಳನ್ನು ಕೊಡಿ, ಬದಲಿಗೆ ನಿಮಗೆಲ್ಲರಿಗೂ ಒಂದು ಮನೆ ಕೊಡುತ್ತೇನೆ. 1926ರಲ್ಲಿ ಹ್ಯಾಡೊ ಸಮಿತಿ ಇಡೀ ದೇಶಕ್ಕೆ ಹನ್ನೊಂದರಲ್ಲಿ ಶಾಲೆ ಬದಲಿಸಬೇಕೆಂದು ಶಿಫಾರಸು ಮಾಡಿದಾಗ ಉಳಿದ ಕೌಂಟಿಗಳು ಮಕ್ಕಳನ್ನು ಎತ್ತಿಕೊಂಡು ಹೋಗುವ ಲೆಕ್ಕ ಮಾತ್ರ ಹಾಕಿದವು. ಬದಲಿಗೆ ಏನು ಕೊಡಬೇಕು ಎಂದು ಮೊದಲೇ ಯೋಚಿಸಿದ್ದ ಕೌಂಟಿ ಇದು.

ದುಡ್ಡು? ಕೌಂಟಿ ಬಡದು. ಮಾರಿಸ್ ಭಿಕ್ಷೆಗೆ ಹೊರಟರು. ಕಾರ್ನೆಗಿ ಟ್ರಸ್ಟು, ಅಮೆರಿಕದ ರಾಕ್‌ಫೆಲರ್ ಕುಟುಂಬದ ನಿಧಿ, ಸಾಸ್ಟನ್ ಊರಿನ ಕಾಗದ ಕಾರ್ಖಾನೆಯ ಸ್ಪೈಸರ್ ಕುಟುಂಬ, ಹಿಸ್ಟನ್ ಊರಿನ ಜಾಮ್ ಕಾರ್ಖಾನೆಯ ಚಿವರ್ಸ್ ಕುಟುಂಬ ಇವರೆಲ್ಲ ಕೈಜೋಡಿಸಿದರು. ಮೊದಲ ವಿಲೇಜ್ ಕಾಲೇಜು ಸಾಸ್ಟನ್ನಿನದು. 1930ರ ಅಕ್ಟೋಬರಿನಲ್ಲಿ ಯುವರಾಜರೇ ಬಂದು ಉದ್ಘಾಟಿಸಿದರು, ಮುಂದೆ ಎಂಟನೇ ಎಡ್ವರ್ಡ್ ಆಗಿ ಸಿಂಹಾಸನ ಬಿಟ್ಟವರು. 1937ರಲ್ಲಿ ಬಾಟಿಷಮ್ ಮತ್ತು ಲಿಂಟನ್. ಈ ಕಾಲೇಜುಗಳ ಮುಖ್ಯಸ್ಥರನ್ನು ಹೆಡ್‌ಮಾಸ್ಟರ್ ಎನ್ನುತ್ತಿರಲಿಲ್ಲ, ವಾರ್ಡನ್ ಎನ್ನುತ್ತಿದ್ದರು. ಹಗಲಿನ ಶಾಲೆ ಅವರ ಅರ್ಧ ಕೆಲಸ, ಸಂಜೆಯ ಊರು ಇನ್ನರ್ಧ.

ನಾಲ್ಕನೆಯದು ಇಂಪಿಂಗ್ಟನ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಲು ಅನುಮತಿ ಕೊಡಿ. ಜರ್ಮನಿಯ ಬೌಹೌಸ್ ಕಲಾಶಾಲೆಯ ಸಂಸ್ಥಾಪಕ ವಾಲ್ಟರ್ ಗ್ರೋಪಿಯಸ್ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು 1934ರಲ್ಲಿ ಇಂಗ್ಲೆಂಡಿಗೆ ಬಂದರು. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ, ಕೈಯಲ್ಲಿ ಕೆಲಸ ಕಡಿಮೆ. ಅವರಿಗೂ ಅವರ ಇಂಗ್ಲಿಷ್ ಪಾಲುದಾರ ಮ್ಯಾಕ್ಸ್‌ವೆಲ್ ಫ್ರೈ ಅವರಿಗೂ ಮಾರಿಸ್ ಒಪ್ಪಿಸಿದ್ದು ಜಾಮ್ ತೋಟಗಳ ನಡುವಿನ ಒಂದು ಹಳ್ಳಿ ಶಾಲೆಯನ್ನು. ಒಂದೇ ಅಂತಸ್ತು. ತರಗತಿಗಳಿಗೆ ನೆಲದಿಂದ ಮೇಲಿನವರೆಗೆ ಗಾಜು, ಬಾಗಿಲು ಸರಿಸಿದರೆ ನೇರ ಹುಲ್ಲು. ಬೀಸಣಿಗೆಯಾಕಾರದ ಸಭಾಂಗಣ. ವಯಸ್ಕರ ಭಾಗ ಮೆಲ್ಲಗೆ ಬಾಗಿ ಮರಗಳ ಕಡೆ ಮುಖ ಮಾಡಿದೆ. 1937ರಲ್ಲಿ ಗ್ರೋಪಿಯಸ್ ಹಾರ್ವರ್ಡಿಗೆ ಹೋದರು; ಕಟ್ಟಡ ಮುಗಿದು ತೆರೆದದ್ದು 1939ರಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ. ಕಲಾ ಇತಿಹಾಸಕಾರ ನಿಕೊಲಾಸ್ ಪೆವ್ಸ್ನರ್ ತಮ್ಮ ಕೇಂಬ್ರಿಡ್ಜ್‌ಷೈರ್ ಸಂಪುಟದಲ್ಲಿ ಆ ಕಾಲದ ಇಂಗ್ಲೆಂಡಿನ ಅತಿ ಶ್ರೇಷ್ಠ ಕಟ್ಟಡಗಳ ಸಾಲಿಗೆ ಇದನ್ನು ಸೇರಿಸಿದರು. ಈಗ ಅದು ಒಂದನೇ ದರ್ಜೆಯ ಸಂರಕ್ಷಿತ ಕಟ್ಟಡ, ಅರಮನೆ, ಕೆಥೀಡ್ರಲ್‌ಗಳಿಗೆ ಸಿಗುವ ದರ್ಜೆ. ಇವತ್ತೂ ಅಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಗಣಿತ ಓದುತ್ತಾರೆ, ಗೋಡೆಗೆ ಬೆನ್ನು ಆನಿಸಿ ತಿಂಡಿ ತಿನ್ನುತ್ತಾರೆ.

ಇಂಪಿಂಗ್ಟನ್ನಿಗೆ ಒಂದು ಶಿಲ್ಪವೂ ಬರಬೇಕಿತ್ತು. ಶಿಲ್ಪಿ ಹೆನ್ರಿ ಮೂರ್ ಅವರನ್ನು ಕೇಳಿದರು. ಇಡೀ ಊರಿನ ಶಾಲೆ ಎಂಬ ಯೋಚನೆಯೇ ಮೂರ್ ಮನಸ್ಸಿಗೆ ಹಿಡಿದು, ತಂದೆ ತಾಯಿ ಮಗು ಒಟ್ಟಿಗೆ ಕೂತ ಶಿಲ್ಪದ ಕಲ್ಪನೆ ಹುಟ್ಟಿತು. ದುಡ್ಡು ಸಿಗಲಿಲ್ಲ. 1944ರಲ್ಲಿ ಮಾರಿಸ್ ಮತ್ತೆ ಪ್ರಯತ್ನಿಸಿದರು, ಮೂರ್ ಸಣ್ಣ ಮಾದರಿಗಳನ್ನೂ ಮಾಡಿಕೊಟ್ಟರು, ಆಗಲೂ ಕೈಗೂಡಲಿಲ್ಲ. ಕೊನೆಗೆ ಆ ಕಂಚಿನ ಕುಟುಂಬ ಹೋಗಿ ಕೂತದ್ದು ಪಕ್ಕದ ಹರ್ಟ್‌ಫರ್ಡ್‌ಷೈರಿನ ಸ್ಟೀವನೇಜ್ ಊರಿನ ಬಾರ್ಕ್ಲೇ ಶಾಲೆಯಲ್ಲಿ. ಅದೂ ಸರ್ಕಾರಿ ಶಾಲೆಯೇ. ಮೂರ್ ಅವರ ಅತಿ ಪ್ರಸಿದ್ಧ ಕೃತಿಗಳಲ್ಲೊಂದು ಹುಟ್ಟಿದ್ದು ಹಳ್ಳಿ ಶಾಲೆಯೊಂದರ ಕೋರಿಕೆಯಿಂದ ಎಂದು ನಮ್ಮ ಕಟ್ಟಡ ಕಂಟ್ರಾಕ್ಟರುಗಳಿಗೆ ಯಾರಾದರೂ ಹೇಳಬೇಕು.

1944ರ ಕಾಯಿದೆ ಎಲ್ಲರಿಗೂ ಪುಕ್ಕಟೆ ಪ್ರೌಢಶಿಕ್ಷಣ ಕೊಟ್ಟಿತು. ಜೊತೆಗೇ ಹನ್ನೊಂದರ ಪರೀಕ್ಷೆಯೂ ಬಂತು. ಪಾಸಾದವರಿಗೆ ಗ್ರಾಮರ್ ಶಾಲೆ, ಉಳಿದವರಿಗೆ ಸೆಕೆಂಡರಿ ಮಾಡರ್ನ್. ವಿಲೇಜ್ ಕಾಲೇಜುಗಳು ಎರಡನೆಯ ಗುಂಪಿಗೆ ಬಿದ್ದವು. ಬೆಳಗಾದರೆ ಒಂದೇ ಹಳ್ಳಿಯ ನಿಲ್ದಾಣದಿಂದ ಎರಡು ಬಸ್ಸು ಎರಡು ದಿಕ್ಕಿಗೆ: ಒಂದು ಪಾಸಾದವರನ್ನು ಹೊತ್ತು ಕೇಂಬ್ರಿಡ್ಜಿಗೆ, ಇನ್ನೊಂದು ಆಗದವರನ್ನು ಹೊತ್ತು ವಿಲೇಜ್ ಕಾಲೇಜಿಗೆ. ಹಳ್ಳಿಯ ಕೆನೆ ತೆಗೆಯುವುದನ್ನು ನಿಲ್ಲಿಸಲೆಂದೇ ಕಟ್ಟಿದ ಶಾಲೆಗೆ ಈ ಗತಿ. ಬಸ್ಸಿನ ಎಣಿಕೆಯಲ್ಲೇ ಊರಿಗೆಲ್ಲ ಫಲಿತಾಂಶ ತಿಳಿಯುತ್ತಿತ್ತು.

ಇದಕ್ಕೆ ಮದ್ದು ಬಂದದ್ದು ಕಾಂಪ್ರಹೆನ್ಸಿವ್ ಶಾಲೆಗಳಿಂದ, ಯಾವ ಪರೀಕ್ಷೆಯೂ ಇಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಗಳಿಂದ. ಎಲ್ಲ ಕಡೆ ಇಂಥ ಶಾಲೆಗಳನ್ನೇ ತನ್ನಿ ಎಂದು ಸ್ಥಳೀಯ ಆಡಳಿತಗಳನ್ನು ಕೋರಿ 1965ರ ಜುಲೈನಲ್ಲಿ ಲೇಬರ್ ಸಚಿವ ಆಂಟನಿ ಕ್ರಾಸ್‌ಲಂಡ್ ಹೊರಡಿಸಿದ ಸುತ್ತೋಲೆಯನ್ನು ಎಡಪಂಥದ ಸಿದ್ಧಾಂತ ಎಂದು ಬೈಯುವವರು ಈಗಲೂ ಇದ್ದಾರೆ. ಹಳ್ಳಿಗಾಡಿನಲ್ಲಿ ಇದು ಸಿದ್ಧಾಂತಕ್ಕಿಂತ ಮೊದಲು ಅಂಕಗಣಿತ. ಜನ ವಿರಳವಾಗಿರುವ ಕಡೆ ಎರಡು ಮೂರು ಬಗೆಯ ಪ್ರೌಢಶಾಲೆ ನಡೆಸುವಷ್ಟು ಮಕ್ಕಳೇ ಸಿಗುವುದಿಲ್ಲ. ವೇಲ್ಸಿನ ಆಂಗ್ಲಸೀ ದ್ವೀಪ 1953ರಷ್ಟು ಹಿಂದೆಯೇ ಪೂರ್ತಿ ಕಾಂಪ್ರಹೆನ್ಸಿವ್ ಆಗಿತ್ತು. ಕೇಂಬ್ರಿಡ್ಜ್ ಸುತ್ತಮುತ್ತ ಎಪ್ಪತ್ತರ ದಶಕದಲ್ಲಿ ಬದಲಾವಣೆ ಬಂತು. 1974ರಲ್ಲಿ ನಗರದ ಹುಡುಗರ ಗ್ರಾಮರ್ ಶಾಲೆ ಹಿಲ್ಸ್ ರೋಡ್ ಸಿಕ್ಸ್ತ್ ಫಾರ್ಮ್ ಕಾಲೇಜಾಯಿತು, ನಮ್ಮ ಪಿಯು ಕಾಲೇಜಿನಂತೆ ಹದಿನಾರರಿಂದ ಹದಿನೆಂಟರವರಿಗೆ. ವಿಲೇಜ್ ಕಾಲೇಜುಗಳು ಎಲ್ಲ ಮಕ್ಕಳ ಶಾಲೆಯಾದವು, ಬೆಳೆದವು, ಕಟ್ಟಡದ ಮೇಲೆ ಕಟ್ಟಡ ಬಂತು.

ದೊಡ್ಡದಾಗುವುದರಿಂದ ಏನು ಸಿಗುತ್ತದೆ ಎಂದು ಸರಳವಾಗಿ ಲೆಕ್ಕ ಹಾಕಿ. ಒಂದು ವರ್ಷಕ್ಕೆ ಅರವತ್ತು ಮಕ್ಕಳಿರುವ ಶಾಲೆಯಲ್ಲಿ ಜರ್ಮನ್ ಭಾಷೆ ಬೇಕೆನ್ನುವವರು ಆರು ಮಂದಿ ಎಂದಿಟ್ಟುಕೊಳ್ಳಿ. ಆರು ಮಕ್ಕಳಿಗೆ ಒಬ್ಬ ಮೇಷ್ಟರನ್ನು ಯಾವ ಶಾಲೆಯೂ ಇಡಲಾರದು. ಮುನ್ನೂರು ಮಕ್ಕಳಿದ್ದರೆ ಅದೇ ಪ್ರಮಾಣದಲ್ಲಿ ಮೂವತ್ತು, ಒಂದು ಪೂರ್ತಿ ತರಗತಿ. ಸಂಗೀತ, ನಾಟಕ, ಮೂರು ವಿಜ್ಞಾನಗಳನ್ನೂ ಬೇರೆ ಬೇರೆ ಓದುವುದು, ಕಲಿಕೆಯ ತೊಂದರೆಯಿರುವ ಮಕ್ಕಳಿಗೆ ತರಬೇತಾದ ಶಿಕ್ಷಕರು, ಎಲ್ಲದಕ್ಕೂ ಇದೇ ಲೆಕ್ಕ. ಭೌತಶಾಸ್ತ್ರದ ಮೇಷ್ಟ್ರಿಗೆ ಇನ್ನಿಬ್ಬರು ಭೌತಶಾಸ್ತ್ರದವರು ಸ್ಟಾಫ್ ರೂಮಿನಲ್ಲಿ ಸಿಗುವುದೂ ಸಣ್ಣ ಲಾಭವಲ್ಲ. ಒಬ್ಬರೇ ಇಪ್ಪತ್ತು ವರ್ಷ ಒಂದೇ ವಿಷಯ ಕಲಿಸಿದವರಿಗೆ ಇದು ಗೊತ್ತು. ದೊಡ್ಡ ಆವರಣದಲ್ಲಿ ಹನ್ನೊಂದರ ಮಗು ಕಳೆದುಹೋಗದಿರಲಿ ಎಂದು ಒಂದೊಂದು ಪುಟ್ಟ ಗುಂಪಿಗೆ ಒಬ್ಬ ಟ್ಯೂಟರ್, ಒಂದೊಂದು ವರ್ಷಕ್ಕೆ ಒಬ್ಬ ಮುಖ್ಯಸ್ಥ ಇರುತ್ತಾರೆ. ಇದು ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಎನ್ನಲಾರೆ, ಆದರೆ ವ್ಯವಸ್ಥೆಯಂತೂ ಇದೆ.

ನಷ್ಟ ಸಂಜೆ ಶುರುವಾಗುತ್ತದೆ. ಮೂರೂವರೆಗೆ ಬಸ್ಸು ಹೊರಡುತ್ತದೆ. ನಾಟಕದ ತಾಲೀಮು, ಕ್ರಿಕೆಟ್ಟು, ಚದುರಂಗ ಇರುವುದು ಅದರ ನಂತರ. ಮನೆಯಲ್ಲಿ ಎರಡು ಕಾರಿರುವ ಹುಡುಗ ಉಳಿಯುತ್ತಾನೆ. ತಾಯಿ ವೃದ್ಧಾಶ್ರಮದಲ್ಲಿ ಪಾಳಿಯ ಕೆಲಸ ಮಾಡುವ ಹುಡುಗಿ ಬಸ್ಸು ಹತ್ತುತ್ತಾಳೆ. ಕೆಲವು ಶಾಲೆಗಳು ತಡವಾಗಿ ಹೊರಡುವ ಇನ್ನೊಂದು ಬಸ್ಸು ಇಟ್ಟಿವೆ, ದುಡ್ಡು ಬಿಗಿಯಾದಾಗ ಮೊದಲು ನಿಲ್ಲುವುದೂ ಅಂಥದ್ದೇ. ಪರೀಕ್ಷೆಯ ಫಲಿತಾಂಶದ ಪಟ್ಟಿಯಲ್ಲಿ ಈ ಬಸ್ಸಿಗೆ ಕಾಲಂ ಇಲ್ಲ.

ಮಾರಿಸ್ ಕೊಟ್ಟ ಮಾತಿನ ಎರಡನೇ ಅರ್ಧ ಏನಾಯಿತು? ಇದೇ ನನ್ನ ಮುಖ್ಯ ತಕರಾರು. ಇಂಗ್ಲೆಂಡು ಆ ಮನುಷ್ಯನ ಯೋಜನೆಯಿಂದ ದೊಡ್ಡ ಶಾಲೆಯನ್ನು ಇಟ್ಟುಕೊಂಡಿತು, ಊರಿನ ಮನೆಯನ್ನು ಹಂತಹಂತವಾಗಿ ಕೈಬಿಟ್ಟಿತು. ಯುದ್ಧದ ನಂತರ ಅದು ಕೆಲವು ಕಡೆ ಚೆನ್ನಾಗಿಯೇ ಬೇರು ಬಿಟ್ಟಿತ್ತು. ಶಾಲಾ ತನಿಖಾಧಿಕಾರಿಯಾಗಿ ಕೇಂಬ್ರಿಡ್ಜ್‌ಷೈರನ್ನು ಕಂಡಿದ್ದ ಸ್ಟೂವರ್ಟ್ ಮೇಸನ್ ಲೆಸ್ಟರ್‌ಷೈರಿನ ಶಿಕ್ಷಣಾಧಿಕಾರಿಯಾಗಿ ಅಲ್ಲೂ ಇಂಥ ಸಮುದಾಯ ಕಾಲೇಜುಗಳನ್ನು ಬೆಳೆಸಿದರು. 1988ರ ಶಿಕ್ಷಣ ಸುಧಾರಣಾ ಕಾಯಿದೆಯ ನಂತರ ಗಾಳಿ ತಿರುಗಿತು. ರಾಷ್ಟ್ರೀಯ ಪಠ್ಯಕ್ರಮ, ಶಾಲೆಯ ಕೈಗೇ ಬಜೆಟ್ಟು, 1992ರಿಂದ ಫಲಿತಾಂಶದ ಪಟ್ಟಿಗಳು ಮತ್ತು ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯ ಶಾಲಾ ತಪಾಸಣೆ, 2010ರ ಕಾಯಿದೆಯಿಂದ ಕೌಂಟಿಯ ಹಿಡಿತದಿಂದಾಚೆ ಹೋದ ಅಕಾಡೆಮಿಗಳು. ಶಾಲೆಗೆ ದುಡ್ಡು ಬರುವುದು ಮಕ್ಕಳ ತಲೆ ಎಣಿಸಿ. ಅದನ್ನು ಊರಿನ ವಯಸ್ಕರ ಹೊಲಿಗೆ ತರಗತಿಗೋ ಗಾಯನಕ್ಕೋ ಹಾಕಲು ಆಗುವುದಿಲ್ಲ. ಸಂಜೆಯ ಕೆಲಸ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ಹಾಗಾಗಿ ಸಂಜೆ ಬರುವವರು ಊರಿನವರಾಗಿ ಉಳಿಯಲಿಲ್ಲ, ಗಿರಾಕಿಗಳಾದರು. ಈಜುಕೊಳ, ಕ್ರೀಡಾಂಗಣ ಗಂಟೆ ಲೆಕ್ಕದ ಬಾಡಿಗೆಗೆ ಸಿಗುತ್ತವೆ. ಬಡ ಕೂಲಿಯವನಿಗೆಂದು ಮಾರಿಸ್ ಕಲ್ಪಿಸಿದ್ದ ಓದುವ ಕೋಣೆ ಬಾಡಿಗೆ ತರುವುದಿಲ್ಲ.

ಬಾಗಿಲು ಮುಚ್ಚಿಕೊಳ್ಳಲು ಇನ್ನೊಂದು ಕಾರಣವಿದೆ, ಅದನ್ನು ಹಗುರವಾಗಿ ಎತ್ತುವಂತಿಲ್ಲ. 2002ರ ಆಗಸ್ಟಿನಲ್ಲಿ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಬಾಲಕಿಯರ ಕೊಲೆಯಾಯಿತು. ಕೊಂದವನು ಅದೇ ಊರಿನ ವಿಲೇಜ್ ಕಾಲೇಜಿನ ಕೇರ್‌ಟೇಕರ್. ಅವನ ಮೇಲೆ ಹಿಂದೆ ಬಂದಿದ್ದ ದೂರುಗಳ ಮಾಹಿತಿ ಒಂದು ಪೊಲೀಸ್ ವ್ಯವಸ್ಥೆಯಿಂದ ನೇಮಕ ಮಾಡುವವರಿಗೆ ತಲುಪಿರಲಿಲ್ಲ ಎಂದು ಬಿಚರ್ಡ್ ವಿಚಾರಣೆ 2004ರಲ್ಲಿ ತೋರಿಸಿತು. ಮಕ್ಕಳ ನಡುವೆ ಕೆಲಸ ಮಾಡುವವರ ಹಿನ್ನೆಲೆ ತಪಾಸಣೆಗೆ 2006ರಲ್ಲಿ ಹೊಸ ಕಾಯಿದೆ ಬಂತು. ಈಗ ಇಂಗ್ಲೆಂಡಿನ ಯಾವ ಶಾಲೆಗೆ ಹೋದರೂ ಬೇಲಿ, ಗೇಟು, ಸಹಿ, ಕೊರಳಿಗೆ ಗುರುತಿನ ಪಟ್ಟಿ. ಆ ಇಬ್ಬರು ಮಕ್ಕಳ ನೆನಪಿನ ಮುಂದೆ ತೆರೆದ ಬಾಗಿಲಿನ ಪರವಾಗಿ ಭಾಷಣ ಮಾಡುವುದು ಕಷ್ಟ. ಆದರೂ ಒಂದು ಮಾತು ಹೇಳಬೇಕು: ವಿಚಾರಣೆ ದೂರಿದ್ದು ಮಾಹಿತಿ ಹಂಚಿಕೊಳ್ಳದ ವ್ಯವಸ್ಥೆಯನ್ನು. ಊರಿನವರು ಸಂಜೆ ಶಾಲೆಗೆ ಬರುವುದರಿಂದ ಆದದ್ದಲ್ಲ ಅದು.

ಮಾರಿಸ್ ಕಲ್ಪನೆ ಸತ್ತೇಹೋಯಿತು ಎನ್ನುವವರನ್ನು ಸಾಸ್ಟನ್ನಿನಿಂದ ಸ್ವಲ್ಪ ದಕ್ಷಿಣಕ್ಕೆ, ಎಸೆಕ್ಸ್ ಕೌಂಟಿಯ ಸ್ಯಾಫ್ರನ್ ವಾಲ್ಡನ್ ಊರಿಗೆ ಕರೆದೊಯ್ಯಬೇಕು. ಹೆಸರೇ ಹೇಳುವಂತೆ ಒಂದು ಕಾಲದಲ್ಲಿ ಕೇಸರಿ ಬೆಳೆಯುತ್ತಿದ್ದ ಪೇಟೆ. 1944ರ ಕಾಯಿದೆ ತಂದ ಆರ್. ಎ. ಬಟ್ಲರ್ 1929ರಿಂದ 1965ರವರೆಗೆ ಪಾರ್ಲಿಮೆಂಟಿಗೆ ಆರಿಸಿ ಹೋಗುತ್ತಿದ್ದದ್ದು ಇಲ್ಲಿಂದಲೇ. ಊರಿನ ಕೌಂಟಿ ಹೈಸ್ಕೂಲು ಎರಡು ಸಾವಿರದ ಆಸುಪಾಸು ಮಕ್ಕಳ ಸರ್ಕಾರಿ ಶಾಲೆ. ಸುತ್ತಲ ಹಳ್ಳಿಗಳಿಂದ ಬಸ್ಸುಗಳು ಬರುತ್ತವೆ. ಹೆಸರು ಹೇಳಿಕೊಳ್ಳದ ದಾನಿಗಳು ಕೊಟ್ಟ ದೊಡ್ಡ ಮೊತ್ತದಿಂದ 2013ರಲ್ಲಿ ಅದರ ಆವರಣದಲ್ಲೇ ಸ್ಯಾಫ್ರನ್ ಹಾಲ್ ಎಂಬ ಸಂಗೀತ ಸಭಾಂಗಣ ಎದ್ದಿತು, 740 ಆಸನ, ಲಂಡನ್ನಿನ ಸಭಾಂಗಣಗಳಿಗೆ ಸಾಟಿಯಾದ ಧ್ವನಿ. ಹಗಲು ಶಾಲೆಯ ಪ್ರಾರ್ಥನೆ, ಪರೀಕ್ಷೆ, ಮಕ್ಕಳ ವಾದ್ಯವೃಂದ. ರಾತ್ರಿ ದೊಡ್ಡ ಆರ್ಕೆಸ್ಟ್ರಾಗಳು ಬಂದು ನುಡಿಸುತ್ತವೆ. ಟಿಕೆಟ್ಟು ತೆಗೆದುಕೊಳ್ಳಬೇಕು ನಿಜ, ಮಾರಿಸ್ ಬಯಸಿದ್ದರಲ್ಲಿ ಇದು ಒಂದು ಕೋಣೆ ಮಾತ್ರ. ಆದರೆ ಆ ಒಂದು ಕೋಣೆ ರಾತ್ರಿ ಹತ್ತರವರೆಗೆ ಬೆಳಗಿರುತ್ತದೆ.

ಇನ್ನೊಂದು ವಿಷಯ. ಪ್ರೌಢಶಾಲೆಯನ್ನು ಒಟ್ಟುಗೂಡಿಸಿದ ಇಂಗ್ಲೆಂಡು ಹಳ್ಳಿಯ ಪ್ರಾಥಮಿಕ ಶಾಲೆಯನ್ನು ಮಾತ್ರ ಹಾಗೆ ಮುಚ್ಚಲು ಬಿಡುವುದಿಲ್ಲ. ಗ್ರಾಮೀಣ ಪ್ರಾಥಮಿಕ ಶಾಲೆ ಮುಚ್ಚಬಾರದು ಎಂಬ ಊಹೆಯಿಂದಲೇ ಅಲ್ಲಿನ ನಿಯಮ ಶುರುವಾಗುತ್ತದೆ. ಮುಚ್ಚುವವರು ಊರಿನ ಮೇಲಾಗುವ ಪರಿಣಾಮ, ಮಕ್ಕಳ ಪ್ರಯಾಣ, ಬೇರೆ ದಾರಿಗಳು ಇವನ್ನೆಲ್ಲ ಪರಿಶೀಲಿಸಿ ತೋರಿಸಬೇಕು. ಮುಚ್ಚಿದ ಶಾಲೆಗಳು ಸಾಕಷ್ಟಿವೆ, ಆದರೆ ಸಾಬೀತು ಮಾಡುವ ಹೊರೆ ಮುಚ್ಚುವವರ ಮೇಲಿದೆ.

ಇಷ್ಟು ದೂರದ ಕಥೆಯನ್ನು ಇಲ್ಲಿ ಏಕೆ ಹೇಳಿದೆ ಎಂಬುದು ಈಗಾಗಲೇ ನಿಮಗೆ ಹೊಳೆದಿದೆ. ನಮ್ಮ ರಾಜ್ಯ ದೂರದ ಸಮಸ್ಯೆಗೆ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ಹುಡುಗಿಯರು ಸಾಲಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವುದನ್ನು ನಾವೆಲ್ಲ ಕಂಡೆವು, ಆಮೇಲೆ ಆ ಸಾಲು ನಿಂತದ್ದನ್ನೂ ಕಂಡೆವು. ಈಗ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಹೆಚ್ಚುತ್ತಿವೆ. ಅದರ ಬೆನ್ನಿಗೇ ಸುತ್ತಲ ಸಣ್ಣ ಶಾಲೆಗಳನ್ನು ಅದಕ್ಕೆ ವಿಲೀನ ಮಾಡುತ್ತಾರೆಂಬ ಆತಂಕ, ಪ್ರತಿಭಟನೆ. ಪರ ಇರುವವರು ಪ್ರಯೋಗಾಲಯ, ವಿಷಯಕ್ಕೊಬ್ಬ ಶಿಕ್ಷಕ ಎನ್ನುತ್ತಾರೆ. ವಿರೋಧಿಸುವವರು ಊರಿನ ಶಾಲೆ, ನಡೆಯಲಾರದ ಮಗು ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ನನ್ನ ಮತ ಕೇಳಿದರೆ, ಹೈಸ್ಕೂಲು ದೊಡ್ಡದಾಗಲಿ, ಪ್ರಾಥಮಿಕ ಶಾಲೆ ಊರಿನಲ್ಲೇ ಇರಲಿ. ದೊಡ್ಡ ಶಾಲೆ ಊರಿನಿಂದ ಏನನ್ನು ತೆಗೆದುಕೊಳ್ಳುತ್ತದೋ ಅದಕ್ಕೆ ಬದಲು ಕೊಡಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವನ್ನು ಆ ಆವರಣಕ್ಕೆ ಜೋಡಿಸಲು, ಸಂಜೆ ಬಾಗಿಲು ತೆರೆಯಲು, ಕಾವಲಿಗೆ ತಪಾಸಣೆಯಾದ ಇಬ್ಬರನ್ನು ಇಡಲು ಯಾವ ಗ್ರೋಪಿಯಸ್ಸೂ ಬೇಕಿಲ್ಲ.

ಸಭೆಯಲ್ಲಿ ಎಸ್‌ಡಿಎಂಸಿ ಸದಸ್ಯರು, ಪಂಚಾಯಿತಿಯವರು ಇದ್ದೀರಿ. ವಿಲೀನದ ಪ್ರಸ್ತಾಪ ನಿಮ್ಮ ಮುಂದೆ ಬಂದ ದಿನ ಎರಡು ಪ್ರಶ್ನೆ ಕೇಳಿ. ಹದಿನೆಂಟರವರೆಗೂ ಮಕ್ಕಳ ಬಸ್ಸಿನ ಖರ್ಚು ಯಾರದು? ಸಂಜೆ ನಾಲ್ಕರ ನಂತರ ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಕೇಳಿಸಿಕೊಳ್ಳಿ, ಆಮೇಲೆ ಸಹಿ ಹಾಕಿ.